ಬಾಗಿಲಲ್ಲಿ ಯಾರು ನಿಲ್ಲಬೇಕು?

1998ರ ಆಗಸ್ಟ್ 15, ಶನಿವಾರ. ಉತ್ತರ ಐರ್ಲೆಂಡಿನ ಓಮಾ ಪಟ್ಟಣದ ಪೇಟೆ ಬೀದಿ. ಬ್ರಿಟನ್ ಜೊತೆಗೇ ಇರಬೇಕು ಅನ್ನುವವರಿಗೂ ಐರ್ಲೆಂಡಿಗೆ ಸೇರಬೇಕು ಅನ್ನುವವರಿಗೂ ಮೂವತ್ತು ವರ್ಷ ನಡೆದ ಕಲಹ ಮುಗಿಸಲು ಶಾಂತಿ ಒಪ್ಪಂದ ಆಗಿ ನಾಲ್ಕು ತಿಂಗಳಾಗಿತ್ತು ಅಷ್ಟೇ. ಮಧ್ಯಾಹ್ನ ಮೂರು ದಾಟಿದ ಮೇಲೆ ಕಾರಿನಲ್ಲಿಟ್ಟಿದ್ದ ಬಾಂಬು ಸಿಡಿಯಿತು. 29 ಜನ ಸತ್ತರು. 200ಕ್ಕೂ ಹೆಚ್ಚು ಜನರಿಗೆ ಗಾಯ. ಊರಲ್ಲಿದ್ದದ್ದು ಟಿರೋನ್ ಕೌಂಟಿ ಆಸ್ಪತ್ರೆ ಎಂಬ ಸಣ್ಣ ಆಸ್ಪತ್ರೆ. ಆಂಬುಲೆನ್ಸ್‌ಗೆ ಯಾರು ಕಾಯುತ್ತಾರೆ? ಸಿಕ್ಕ ಸಿಕ್ಕ ಕಾರಿಗೆ ಹತ್ತಿಸಿದರು. ಊರಿನ ಒಂದು ಬಸ್ಸು ಗಾಯಾಳುಗಳನ್ನು ತುಂಬಿಕೊಂಡು ನೇರ ಆಸ್ಪತ್ರೆಗೇ ಬಂತು.

ಹೊಸದಾಗಿ ಎಮರ್ಜೆನ್ಸಿಗೆ ಬಂದ ಡಾಕ್ಟರ್‌ಗಳಿಗೆ ನಾನು ಪಾಠ ಶುರು ಮಾಡುವುದೇ ಆ ಬಸ್ಸಿನಿಂದ. ಮೊದಲು ಬರುವವರು ನಡೆಯಬಲ್ಲವರು, ಕಾರಲ್ಲಿ ಕೂರಬಲ್ಲವರು. ಕೈಗೆ ಗಾಜು ಚುಚ್ಚಿಸಿಕೊಂಡವರು, ಕಿವಿ ಗುಂಯ್ ಅನ್ನುತ್ತಿರುವವರು. ಕ್ಯಾಶುವಾಲಿಟಿಯ ಬೆಡ್‌ಗಳನ್ನೆಲ್ಲ ಇವರಿಗೆ ಕೊಟ್ಟುಬಿಟ್ಟರೆ, ಆಮೇಲೆ ಸ್ಟ್ರೆಚರ್ ಮೇಲೆ ಸದ್ದಿಲ್ಲದೆ ಬರುವವರಿಗೆ ಜಾಗ ಎಲ್ಲಿ? ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರು ಜಾಸ್ತಿ ಕೂಗಾಡುವುದಿಲ್ಲ.

ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಇಂಥ ದಿನಕ್ಕೆ ತಯಾರಾಗಲು ಅಣಕು ಡ್ರಿಲ್ ನಡೆಯಿತು. ಎಲ್ಲರಿಗಿಂತ ಸೀನಿಯರ್ ಸರ್ಜನ್ ಮೊದಲನೇ 'ರೋಗಿ'ಯನ್ನೇ ಹಿಡಿದುಕೊಂಡು ಆಪರೇಷನ್ ಥಿಯೇಟರ್‌ಗೆ ಹೋದರು. ಬಾಗಿಲಲ್ಲಿ ಉಳಿದವರು ಒಬ್ಬ ಹೌಸ್ ಸರ್ಜನ್, ಒಬ್ಬ ಸೆಕ್ಯುರಿಟಿ. 'ಎದೆಗೆ ಪೆಟ್ಟು, ಉಸಿರಾಟ ಕಷ್ಟ' ಅಂತ ಕೊರಳಲ್ಲಿ ಚೀಟಿ ಹಾಕಿಕೊಂಡಿದ್ದ ನರ್ಸಿಂಗ್ ಹುಡುಗಿ ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಸುಮ್ನೆ ಕೂತಿದ್ದಳು. ಕೊನೆಗೆ ತಾನೇ ಎದ್ದು ಬಂದು, "ಸರ್, ನಾನು ಸತ್ತಿದ್ದೀನಾ?" ಅಂತ ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅನುಭವ ಜಾಸ್ತಿ ಇರುವವರು ಬಾಗಿಲಲ್ಲೇ ನಿಲ್ಲಬೇಕು, ಕತ್ತರಿ ಮುಟ್ಟಬಾರದು. ಒಬ್ಬೊಬ್ಬರಿಗೆ ಅರ್ಧ ನಿಮಿಷ. ನಡೆಯುತ್ತಾರಾ? ಉಸಿರು ಹೇಗಿದೆ? ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದಾ? ಹೇಳಿದ ಮಾತು ಕೇಳುತ್ತಾರಾ? ಅದರ ಮೇಲೆ ಚೀಟಿ: ಈಗಲೇ ನೋಡಬೇಕಾದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ಸಣ್ಣ ಗಾಯದವರಿಗೆ ಹಸಿರು. ಕಪ್ಪು ಚೀಟಿಯೂ ಇದೆ, ಸತ್ತವರಿಗೆ ಮತ್ತು ಉಳಿಯುವ ಆಸೆ ಇಲ್ಲದವರಿಗೆ. ಬೇರೆ ದಿನವಾಗಿದ್ದರೆ ಉಳಿಸಲು ನಾವು ಒಂದು ಗಂಟೆ ಹೋರಾಡುತ್ತಿದ್ದ ಜೀವವನ್ನು ಬಿಟ್ಟು ಮುಂದೆ ಹೋಗುವುದು ಹೊಸಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೇ ಸೀನಿಯರ್ ಬೇಕು.

ಚೀಟಿಯಲ್ಲಿ 'ಯಾವ ಕಡೆಯವನು' ಅನ್ನುವ ಕಾಲಂ ಇರುವುದಿಲ್ಲ. ಬೆಲ್‌ಫಾಸ್ಟ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆ ಇರುವುದು ಆಗ ಗಲಭೆ ನಡೆಯುತ್ತಿದ್ದ ಜಾಗದ ನಡುಮಧ್ಯೆ, ಫಾಲ್ಸ್ ರಸ್ತೆಯ ಪಕ್ಕ. ಮೂವತ್ತು ವರ್ಷದ ಆ ಕಲಹದಲ್ಲಿ ಸೈನಿಕರೂ ಅಲ್ಲಿಗೇ ಬಂದರು, ಅವರ ಮೇಲೆ ಗುಂಡು ಹಾರಿಸಿದವರೂ ಅಲ್ಲಿಗೇ ಬಂದರು. ಅಲ್ಲಿನ ಎಮರ್ಜೆನ್ಸಿ ನಡೆಸುತ್ತಿದ್ದ ವಿಲಿಯಂ ರುದರ್‌ಫರ್ಡ್ ಅದಕ್ಕೂ ಮೊದಲು ಗುಜರಾತಿನಲ್ಲಿ ಮಿಷನ್ ಡಾಕ್ಟರ್ ಆಗಿದ್ದವರು. ರಬ್ಬರ್ ಗುಂಡಿನಿಂದ ಆಗುವ ಗಾಯಗಳನ್ನು ದಾಖಲಿಸಿದವರಲ್ಲಿ ಅವರೂ ಒಬ್ಬರು.

ಇನ್ನೊಂದು ಗುಂಪು ಉಳಿಯಿತು: ನೆಂಟರು. ಓಮಾದಲ್ಲಿ ಮನೆಯವರು ಸುದ್ದಿಗೆ ಕಾಯುತ್ತಾ ಕೂತದ್ದು ಊರಿನ ಲೀಷರ್ ಸೆಂಟರ್‌ನಲ್ಲಿ. ಕ್ಯಾಶುವಾಲಿಟಿ ಬಾಗಿಲಿನಿಂದ ದೂರ ಒಂದು ಜಾಗ, ಹೆಸರುಗಳ ಒಂದೇ ಪಟ್ಟಿ, ಅದನ್ನು ಹಿಡಿದ ಒಬ್ಬರು ಬೇಕು. ನಮ್ಮಲ್ಲಂತೂ ಒಬ್ಬ ಗಾಯಾಳುವಿನ ಹಿಂದೆ ಹತ್ತು ಜನ ಬರುತ್ತಾರೆ, ಅಲ್ವಾ? ಈ ಸಲದ ಡ್ರಿಲ್‌ಗೆ ನಾನು ಕೇಳಿದ್ದು ಇಷ್ಟೇ: ರೋಗಿಗಳ ವೇಷಕ್ಕೆ ಇಪ್ಪತ್ತು ಜನ ಸಾಕು, ನೆಂಟರ ವೇಷಕ್ಕೆ ಇನ್ನೂರು ಜನರನ್ನು ಕರೆಸಿ.