ಜಾನ್ ಕೇಲ್: ಕದಲದ ಒಂದು ಸ್ವರದ ಬೆನ್ನು ಹತ್ತಿ

ವೇಲ್ಸ್ ಮೂಲದ ಸಂಗೀತಗಾರ ಜಾನ್ ಕೇಲ್ ಬಗ್ಗೆ ಓದಲು ಕೂತರೆ ಮೊದಲು ತಲೆ ತಿರುಗುತ್ತದೆ. ವಯೋಲಾ, ಪಿಯಾನೋ, ಆರ್ಗನ್, ಬಾಸ್ ಗಿಟಾರ್, ಹಾರ್ಪ್ಸಿಕಾರ್ಡ್, ಎಲ್ಲವನ್ನೂ ನುಡಿಸುತ್ತಾರೆ. ಹಾಡು ಬರೆಯುತ್ತಾರೆ. ಬೇರೆಯವರ ಆಲ್ಬಮ್ ಪ್ರೊಡ್ಯೂಸ್ ಮಾಡುತ್ತಾರೆ. ಇಸವಿ, ಆಲ್ಬಮ್ ಅಂತ ಪಟ್ಟಿ ಮಾಡಿ ಉರು ಹೊಡೆಯಲು ಹೋಗಿ ನಾನು ಸೋತೆ. ಆಮೇಲೆ ಬೇರೆ ದಾರಿ ಹಿಡಿದೆ. ಅವರ ಸಂಗೀತದಲ್ಲಿ ಅಲ್ಲಾಡದೆ ನಿಲ್ಲುವ ಒಂದು ಸ್ವರ ಇರುತ್ತದೆ. ಅದು ಎಲ್ಲೆಲ್ಲಿ ಕೇಳುತ್ತದೆ ಎಂದು ಹುಡುಕುತ್ತಾ ಹೋದೆ. ಶ್ರುತಿಪೆಟ್ಟಿಗೆ ಕೇಳಿ ಬೆಳೆದ ಕಿವಿಗೆ ಈ ಕೆಲಸ ಕಷ್ಟವಲ್ಲ.

ಹುಟ್ಟಿದ್ದು 1942ರ ಮಾರ್ಚ್ 9ರಂದು, ವೇಲ್ಸ್‌ನ ಗಾರ್ನಂಟ್ ಎಂಬ ಊರಿನಲ್ಲಿ. ಅದು ಕಲ್ಲಿದ್ದಲು ಗಣಿಗಳ ಸೀಮೆ. ಅಪ್ಪ ಗಣಿ ಕಾರ್ಮಿಕ, ಅಮ್ಮ ಶಾಲೆಯ ಟೀಚರ್. ಮನೆಯಲ್ಲಿ ವೆಲ್ಷ್ ಭಾಷೆಯೇ, ಇಂಗ್ಲಿಷ್ ಆಡಕೂಡದು ಎಂದು ಅಜ್ಜಿಯ ಕಟ್ಟಪ್ಪಣೆ. ಅಪ್ಪನಿಗೋ ಬರುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಶಾಲೆಯಲ್ಲಿ ಇಂಗ್ಲಿಷ್ ಕಲಿತದ್ದು ಸುಮಾರು ಏಳನೇ ವಯಸ್ಸಿಗೆ. ಅಲ್ಲಿಯವರೆಗೆ ಅಪ್ಪ ಮಗನ ನಡುವೆ ಮಾತೇ ಇರಲಿಲ್ಲ ಅನ್ನಬಹುದು. ಕೇಲ್ ಅವರ ಹಾಡುಗಳಲ್ಲಿ ಮಾತು ಅಷ್ಟು ಒಗಟಾಗಿರುವುದಕ್ಕೂ ಇದಕ್ಕೂ ಸಂಬಂಧ ಇದೆಯೇನೋ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ!

ವಯೋಲಾ ಕೈಗೆ ಬಂದದ್ದು ಆಸೆಪಟ್ಟಲ್ಲ. ಶಾಲೆಯ ಆರ್ಕೆಸ್ಟ್ರಾದಲ್ಲಿ ಉಳಿದ ವಾದ್ಯಗಳನ್ನೆಲ್ಲ ಬೇರೆ ಮಕ್ಕಳು ಎತ್ತಿಕೊಂಡಿದ್ದರು. ಮಿಕ್ಕಿದ್ದು ಇದೊಂದೇ. ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ಅದಕ್ಕಿಂತ ತಗ್ಗು. ಹದಿಹರೆಯದಲ್ಲೇ ವೇಲ್ಸ್‌ನ ರಾಷ್ಟ್ರೀಯ ಯುವ ಆರ್ಕೆಸ್ಟ್ರಾ ಸೇರಿದರು. ಮುಂದೆ ಲಂಡನ್‌ನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಓದು. 1963ರಲ್ಲಿ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಟ್ಯಾಂಗಲ್‌ವುಡ್ ಸಂಗೀತ ಕೇಂದ್ರಕ್ಕೆ, ಅಲ್ಲಿಂದ ನ್ಯೂಯಾರ್ಕ್‌ಗೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಡೆದ ಒಂದು ಕಛೇರಿಯನ್ನು ಮರೆಯುವ ಹಾಗಿಲ್ಲ. ಫ್ರೆಂಚ್ ಸಂಯೋಜಕ ಎರಿಕ್ ಸಾಟಿಯ 'ವೆಕ್ಸೇಷನ್ಸ್' ಎಂಬ ಪುಟ್ಟ ಪಿಯಾನೋ ತುಣುಕನ್ನು 840 ಸಲ ನುಡಿಸಬೇಕು. ಜಾನ್ ಕೇಜ್ ಅದನ್ನು ನಿಜವಾಗಿ ಮಾಡಿಸಿಯೇ ಬಿಟ್ಟರು. (ಕೇಜ್ ಬೇರೆ, ಕೇಲ್ ಬೇರೆ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ಸಲ ತಪ್ಪು ಬರೆದಿದ್ದೇನೆ.) ಪಿಯಾನೋ ವಾದಕರು ಸರದಿಯ ಮೇಲೆ ನುಡಿಸಿದರು. ಅವರಲ್ಲಿ ಕೇಲ್ ಒಬ್ಬರು. ಮುಗಿಯಲು 18 ಗಂಟೆಗೂ ಜಾಸ್ತಿ ಹಿಡಿಯಿತು. ಕೆಲವು ದಿನಗಳ ನಂತರ ಕೇಲ್ ಒಂದು ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಅವರ ಜೊತೆಗೆ ಬಂದಿದ್ದವರು ಯಾರು ಗೊತ್ತಾ? ಆ ಕಛೇರಿಯನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿದ ಒಬ್ಬನೇ ಒಬ್ಬ ಪ್ರೇಕ್ಷಕ.

ಈಗ ಮುಖ್ಯ ವಿಷಯ. ನ್ಯೂಯಾರ್ಕ್‌ನಲ್ಲಿ ಲಾ ಮಾಂಟ್ ಯಂಗ್ ಎಂಬ ಸಂಯೋಜಕರ ಗುಂಪಿಗೆ ಕೇಲ್ ಸೇರಿದರು. ಪಿಟೀಲು ವಾದಕ ಟೋನಿ ಕಾನ್ರಾಡ್ ಕೂಡ ಅಲ್ಲಿದ್ದರು. ಗಂಟೆಗಟ್ಟಲೆ ಒಂದೇ ಸ್ವರವನ್ನೋ, ಒಂದೇ ಸ್ವರಜೋಡಿಯನ್ನೋ ಹಿಡಿದು ನಿಲ್ಲುವುದು ಇವರ ಕೆಲಸ. ಆಧಾರ ಶ್ರುತಿ ಯಾವುದು ಅಂತೀರಾ? ಕರೆಂಟಿನ ಗುಂಯ್ ಸದ್ದು. ಅಮೆರಿಕದ ಕರೆಂಟು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತ. ಫ್ರಿಜ್‌ನಲ್ಲಿ ಕೇಳುವ ಆ ಗುಂಯ್‌ಗೇ ವಾದ್ಯ ಶ್ರುತಿ ಮಾಡಿಕೊಂಡರು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ ನಮ್ಮ ಮನೆಯ ಫ್ರಿಜ್ ಹಾಡುವುದು ಇನ್ನೂ ಕೆಳಗಿನ ಶ್ರುತಿಯಲ್ಲಿ.

ಯಂಗ್ ಅವರಿಗೆ ತಂಬೂರಿಯ ನಾದದ ಹುಚ್ಚು ಮೊದಲಿನಿಂದಲೂ ಇತ್ತು. 1970ರಲ್ಲಿ ಅವರು ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರದ್ದೂ ಅದೇ ಘರಾಣೆ. ಆದರೆ ಕಾಲ ಗಮನಿಸಿ. ಅಷ್ಟು ಹೊತ್ತಿಗೆ ಕೇಲ್ ಆ ಗುಂಪು ಬಿಟ್ಟು ವರ್ಷಗಳಾಗಿದ್ದವು. ಹಾಗಾಗಿ ಕೇಲ್ ಅವರನ್ನು ನೇರವಾಗಿ ಕಿರಾನಾಕ್ಕೆ ಗಂಟು ಹಾಕುವುದು ತಪ್ಪು.

ಈ ಹೊತ್ತಿನಲ್ಲೇ ಕೇಲ್ ತಮ್ಮ ವಯೋಲಾದ ಕುದುರೆಯನ್ನು (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಚಪ್ಪಟೆ ಮಾಡಿಕೊಂಡರು. ಕುದುರೆ ಬಾಗಿದ್ದರೆ ಕಮಾನು ಒಂದೋ ಎರಡೋ ತಂತಿಗೆ ತಾಗುತ್ತದೆ. ಚಪ್ಪಟೆಯಾದರೆ ಮೂರು ತಂತಿ ಒಟ್ಟಿಗೆ ನುಡಿಯುತ್ತವೆ. ಗಿಟಾರಿನ, ಮ್ಯಾಂಡೊಲಿನ್ನಿನ ಲೋಹದ ತಂತಿ ಹಾಕಿ, ಆಂಪ್ಲಿಫೈಯರಿಗೆ ಜೋಡಿಸಿದರು. ವಿಮಾನದ ಎಂಜಿನ್ ಹೊರಟ ಹಾಗೆ ಸದ್ದು!

ಆಗ ಸಿಕ್ಕಿದವರು ಲೂ ರೀಡ್. ಅಗ್ಗದ ರೆಕಾರ್ಡು ಕಂಪನಿಯೊಂದಕ್ಕೆ ಹಾಡು ಬರೆಯುತ್ತಿದ್ದ ಯುವಕ. ಒಂದು ಹಾಡಿಗಾಗಿ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ ಶ್ರುತಿ ಮಾಡಿದ್ದರು. ಕೇಲ್‌ಗೆ ಆಶ್ಚರ್ಯ. ತಾವು ಬುದ್ಧಿವಂತರ ಗುಂಪಿನಲ್ಲಿ ತಪಸ್ಸಿನ ಹಾಗೆ ಮಾಡುತ್ತಿದ್ದದ್ದನ್ನು ಈತ ಪಾಪ್ ಹಾಡಿನಲ್ಲಿ ಸುಮ್ನೆ ಮಾಡಿಬಿಟ್ಟಿದ್ದ. ಇಬ್ಬರೂ ಸೇರಿ ಕಟ್ಟಿದ್ದೇ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ಬ್ಯಾಂಡ್. ಚಿತ್ರಕಲಾವಿದ ಆಂಡಿ ವಾರ್ಹಾಲ್ ಬೆನ್ನಿಗೆ ನಿಂತರು. ಮೊದಲ ಆಲ್ಬಮ್ 1967ರಲ್ಲಿ ಬಂತು. ಅದರಲ್ಲಿ 'ವೀನಸ್ ಇನ್ ಫರ್ಸ್' ಕೇಳಿ. ಹಾಡಿನ ಅಡಿಯಲ್ಲಿ ಕೊಯ್ಯುತ್ತಿರುವ ಆ ವಯೋಲಾ ತೆಗೆದುಬಿಟ್ಟರೆ ಹಾಡೇ ಉಳಿಯುವುದಿಲ್ಲ. 'ಹೆರಾಯಿನ್'ನಲ್ಲಿ ಅದೇ ವಯೋಲಾ ಮೊದಲು ಒಂದೇ ಸ್ವರದಲ್ಲಿ ತಣ್ಣಗೆ ನಿಲ್ಲುತ್ತದೆ, ಕೊನೆಗೆ ಕಿರುಚುತ್ತದೆ. ಎರಡನೇ ಆಲ್ಬಮ್ 1968ರದ್ದು. ಅದೇ ವರ್ಷ ರೀಡ್ ಜೊತೆ ಕೆಟ್ಟು, ಕೇಲ್ ಹೊರಬಿದ್ದರು.

ಇಲ್ಲಿಂದ ಪ್ರೊಡ್ಯೂಸರ್ ಕೇಲ್ ಶುರು. ನಮ್ಮ ಸಿನಿಮಾದಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರು. ಇಲ್ಲಿ ಅರ್ಥ ಬೇರೆ. ಸ್ಟುಡಿಯೋದಲ್ಲಿ ಯಾವ ವಾದ್ಯ ಎಲ್ಲಿ ಬರಬೇಕು, ಯಾವ ಟೇಕ್ ಇಟ್ಟುಕೊಳ್ಳಬೇಕು, ಹಾಡಿಗೆ ಎಂಥ ಮೈಕಟ್ಟು ಇರಬೇಕು ಎಂದು ತೀರ್ಮಾನಿಸುವವರು.

ನನಗೆ ತುಂಬಾ ಹಿಡಿಸಿದ್ದು ಗಾಯಕಿ ನಿಕೋ ಅವರ 'ದಿ ಮಾರ್ಬಲ್ ಇಂಡೆಕ್ಸ್'. 1968ರ ಈ ಆಲ್ಬಮ್‌ಗೆ ಪ್ರೊಡ್ಯೂಸರ್ ಎಂದು ಹೆಸರಿರುವುದು ಬೇರೆಯವರದ್ದು, ಆದರೆ ವಾದ್ಯ ಜೋಡಣೆ ಪೂರ್ತಿ ಕೇಲ್ ಅವರದ್ದು. ನಿಕೋ ಹಾಡುತ್ತಿದ್ದದ್ದು ಹಾರ್ಮೋನಿಯಂ ನುಡಿಸಿಕೊಂಡು. ಹಾರ್ಮೋನಿಯಂ ಕಷ್ಟ ನಮಗೆ ಗೊತ್ತಲ್ವಾ? ಅದರ ರೀಡು ಎಷ್ಟಕ್ಕೆ ನಿಂತಿದೆಯೋ ಅಷ್ಟೇ. ಉಳಿದವರೇ ಅದರ ಬಳಿ ಬರಬೇಕು. ನಿಕೋ ಅವರ ಪೆಟ್ಟಿಗೆ ಬೇರೆ ಯಾವ ವಾದ್ಯಕ್ಕೂ ಹೊಂದುತ್ತಿರಲಿಲ್ಲ. ಅದನ್ನು ಬದಿಗಿಡುವ ಬದಲು ಕೇಲ್ ಅದನ್ನೇ ನಡುವೆ ನಿಲ್ಲಿಸಿ, ಸುತ್ತ ವಯೋಲಾ, ಪಿಯಾನೋ, ಗಂಟೆಗಳನ್ನು ಒಂದೊಂದಾಗಿ ಹೆಣೆದರು. ಮತ್ತೆ ಅದೇ ನಿಂತ ಸ್ವರ, ನೋಡಿ.

1969ರಲ್ಲಿ ಕೇಲ್ ಪ್ರೊಡ್ಯೂಸ್ ಮಾಡಿದ್ದು ದಿ ಸ್ಟೂಜಸ್ ಬ್ಯಾಂಡಿನ ಮೊದಲ ಆಲ್ಬಮ್. ಅದರ 'ಐ ವಾನ ಬಿ ಯುವರ್ ಡಾಗ್' ಗಿಟಾರಿನ ಗಲಾಟೆಯ ಹಾಡು. ಆ ಗಲಾಟೆಯ ಹಿಂದೆ ಪಿಯಾನೋದ ಒಂದೇ ಸ್ವರ ಟಣ್ ಟಣ್ ಎಂದು ಕೊನೆಯವರೆಗೂ ಬಡಿಯುತ್ತಲೇ ಇರುತ್ತದೆ. ನುಡಿಸಿದವರು ಕೇಲ್. ಮೊದಲ ಸಲ ಇದು ಕಿವಿಗೆ ಬಿದ್ದಾಗ ನಾನು ಹಾಡನ್ನು ನಿಲ್ಲಿಸಿ ಮತ್ತೆ ಹಾಕಿದೆ. 1975ರಲ್ಲಿ ಗಾಯಕಿ ಪ್ಯಾಟಿ ಸ್ಮಿತ್ ಅವರ 'ಹಾರ್ಸಸ್'. ಸ್ಟುಡಿಯೋದಲ್ಲಿ ಇಬ್ಬರಿಗೂ ಜಟಾಪಟಿ, ಆದರೆ ಆಲ್ಬಮ್ ಇವತ್ತಿಗೂ ನಿಂತಿದೆ. ಮೃದುವಾದ ಕೇಲ್ ಬೇಕೆಂದರೆ ನಿಕ್ ಡ್ರೇಕ್ ಅವರ 'ನಾರ್ದರ್ನ್ ಸ್ಕೈ' ಕೇಳಿ. ಅದರ ಪಿಯಾನೋ, ಆರ್ಗನ್, ಸೆಲೆಸ್ಟಾ (ಗಂಟೆಯಂಥ ದನಿಯ ಕೀಬೋರ್ಡ್ ವಾದ್ಯ) ಮೂರೂ ಕೇಲ್ ಕೈಯವು.

ಸ್ವಂತ ಆಲ್ಬಮ್‌ಗಳಿಗೆ ಬಂದರೆ ನನ್ನ ಸೂತ್ರ ಕೈ ಕೊಡುತ್ತದೆ. 1973ರ 'ಪ್ಯಾರಿಸ್ 1919'ರಲ್ಲಿ ಗುಂಯ್ ಇಲ್ಲ, ಕಿರುಚಾಟ ಇಲ್ಲ. ಇಂಪಾದ ರಾಗಗಳು, ಆರ್ಕೆಸ್ಟ್ರಾ, ಮೊದಲ ಮಹಾಯುದ್ಧದ ನಂತರದ ಶಾಂತಿ ಸಮ್ಮೇಳನದ ನೆರಳು. ಮೊದಲ ಹಾಡಿನ ಹೆಸರು ವೇಲ್ಸ್ ಕವಿ ಡಿಲನ್ ಥಾಮಸ್ ಅವರಿಂದ ಬಂದದ್ದು. 1989ರಲ್ಲಿ ಅದೇ ಕವಿಯ ಪದ್ಯಗಳಿಗೆ ಆರ್ಕೆಸ್ಟ್ರಾ ಜೊತೆ ಸ್ವರ ಹಾಕಿದರು. 1990ರಲ್ಲಿ ರೀಡ್ ಜೊತೆ ಮತ್ತೆ ಕೂತು ತೀರಿಕೊಂಡ ವಾರ್ಹಾಲ್ ನೆನಪಿಗೆ ಒಂದು ಆಲ್ಬಮ್ ಮಾಡಿದರು. 1993ರಲ್ಲಿ ಹಳೆಯ ಬ್ಯಾಂಡ್ ಒಂದಾಯಿತು, ಬೇಗನೆ ಮುರಿಯಿತು.

'ಹಾಲೆಲೂಯ' ಕಥೆ ಮಾತ್ರ ಬಿಡಲಾರೆ. ಲೆನರ್ಡ್ ಕೋಹೆನ್ ಬರೆದ ಹಾಡು. 1991ರಲ್ಲಿ ಒಂದು ಗೌರವ ಆಲ್ಬಮ್‌ಗಾಗಿ ಕೇಲ್ ಅದರ ಸಾಹಿತ್ಯ ಕೇಳಿದರು. ಫ್ಯಾಕ್ಸ್‌ನಲ್ಲಿ ಸುಮಾರು 15 ಪುಟ ಬಂತು! ಅದರಲ್ಲಿ ತಮಗೆ ಒಪ್ಪುವ ನುಡಿಗಳನ್ನು ಆರಿಸಿ, ಪಿಯಾನೋ ಒಂದನ್ನೇ ಇಟ್ಟುಕೊಂಡು ಹಾಡಿದರು. 1994ರಲ್ಲಿ ಜೆಫ್ ಬಕ್ಲಿ ಹಾಡಿ ಹೆಸರು ಮಾಡಿದ್ದು ಕೇಲ್ ಜೋಡಿಸಿದ ಈ ರೂಪವನ್ನೇ. ಸಿನಿಮಾ 'ಶ್ರೆಕ್'ನಲ್ಲಿ ಕೇಳುವುದು ಕೇಲ್ ಅವರದ್ದೇ ದನಿ. ಬೇರೆಯವರ 15 ಪುಟದಲ್ಲಿ ಯಾವ ನುಡಿ ಇರಬೇಕು, ಯಾವುದು ಬೇಡ ಎಂದು ಆರಿಸುವುದೂ ಪ್ರೊಡ್ಯೂಸರ್ ಕೆಲಸವೇ ಅಲ್ವಾ?

2023ರ ಜನವರಿಯಲ್ಲಿ 'ಮರ್ಸಿ' ಬಂತು. ಆಗ ಅವರಿಗೆ 80. ಮರುವರ್ಷವೇ ಇನ್ನೊಂದು ಆಲ್ಬಮ್. 'ಮರ್ಸಿ'ಯನ್ನು ಹೆಡ್‌ಫೋನ್ ಹಾಕಿಯೇ ಕೇಳಿ, ತಳದ ಸದ್ದುಗಳು ಫೋನಿನ ಸ್ಪೀಕರಿನಲ್ಲಿ ಕೇಳುವುದಿಲ್ಲ.