ಪ್ರೋಟೀನ್ ಎಸ್ ಕಡಿಮೆ ಬಂದಿದೆಯಾ? ಯಾವ ಮಾತ್ರೆ ತಗೊಳ್ತಿದ್ದೀರಿ, ಮೊದಲು ಅದನ್ನು ಹೇಳಿ

ಇಪ್ಪತ್ತಾರು ವರ್ಷದ ಹುಡುಗಿ, ಜೊತೆಗೆ ಅವಳ ಅಮ್ಮ. ಬೇರೆ ಕಡೆ ಮಾಡಿಸಿದ್ದ ರಿಪೋರ್ಟನ್ನು ನನ್ನ ಮೇಜಿನ ಮೇಲಿಟ್ಟರು. ‘ಫ್ರೀ ಪ್ರೋಟೀನ್ ಎಸ್ 46%’ ಅನ್ನುವ ಸಾಲಿಗೆ ಕೆಂಪು ಪೆನ್ನಿನ ಗೆರೆ. ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಇದು, ಕಡಿಮೆ ಬಂದಿತ್ತು. ಹುಡುಗಿಯ ಚಿಕ್ಕಮ್ಮನಿಗೆ ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದಕ್ಕೇ ಈ ಪರೀಕ್ಷೆ.

"ವಂಶದ ಕಾಯಿಲೆ ಅಂತಾರೆ. ಇವಳಿಗೆ ಮದುವೆ ಮಾಡಬಹುದಾ ಡಾಕ್ಟ್ರೇ?"

"ಮಾತ್ರೆ ಏನಾದ್ರೂ ತಗೊಳ್ತಿದ್ದೀಯೇನಮ್ಮಾ?" ಅಂದೆ. ಅಮ್ಮನೇ "ಏನೂ ಇಲ್ಲ" ಅಂದರು. ಹುಡುಗಿ ಮೆಲ್ಲಗೆ ಹೇಳಿದಳು: "ಪಿಸಿಓಡಿಗೆ ಒಂದು ಮಾತ್ರೆ ಇದೆ, ಆರು ತಿಂಗಳಾಯ್ತು." ಪಿಸಿಓಡಿ ಅಂದರೆ ಮುಟ್ಟು ಏರುಪೇರಾಗುವ, ಅಂಡಾಶಯದ ಹಾರ್ಮೋನ್ ತೊಂದರೆ.

ಪರ್ಸಿನಿಂದ ಶೀಟ್ ತೆಗೆದು ತೋರಿಸಿದಳು. ಈಥಿನೈಲ್ ಈಸ್ಟ್ರಾಡಿಯೋಲ್ (ಈಸ್ಟ್ರೋಜನ್ ಹಾರ್ಮೋನಿನ ಒಂದು ರೂಪ), ಡ್ರೋಸ್ಪೈರಿನೋನ್. ಪಿಸಿಓಡಿಗೆ ಕೊಟ್ಟರೂ ಅದು ಗರ್ಭನಿರೋಧಕ ಮಾತ್ರೆಯೇ.

ಹೆಪ್ಪುಗಟ್ಟುವುದು ಮಿತಿ ಮೀರದಂತೆ ತಡೆಯಲು ರಕ್ತದಲ್ಲಿ ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್ ಇರುತ್ತವೆ. ಈಸ್ಟ್ರೋಜನ್ ಇರುವ ಮಾತ್ರೆ ಪ್ರೋಟೀನ್ ಎಸ್ ಅನ್ನು ಇಳಿಸುತ್ತದೆ. ಆಂಟಿಥ್ರಾಂಬಿನ್ ಕೂಡ ಸ್ವಲ್ಪ ಇಳಿಯಬಹುದು. ಪ್ರೋಟೀನ್ ಸಿ ಮಾತ್ರ ಏರುತ್ತದೆ, ಹಾಗಾಗಿ ಅದರ ನಿಜವಾದ ಕೊರತೆ ಮುಚ್ಚಿಹೋಗಲೂಬಹುದು. ಬಸುರಿಯಲ್ಲಂತೂ ಪ್ರೋಟೀನ್ ಎಸ್ ಇನ್ನೂ ಜಾಸ್ತಿ ಇಳಿಯುತ್ತದೆ. ಪೂಜೆ, ಮದುವೆ ಅಂತ ಮುಟ್ಟು ಮುಂದೂಡಲು ತಗೊಳ್ಳುವ ನಾರ್‌ಎಥಿಸ್ಟೆರೋನ್ ಸಹ ದೇಹದೊಳಗೆ ಸ್ವಲ್ಪ ಈಸ್ಟ್ರೋಜನ್ ಆಗುತ್ತದೆ. ಅದನ್ನೂ ಮರೆಯದೆ ಹೇಳಿ.

ರಕ್ತ ತೆಗೆಯುವುದರಲ್ಲೂ ಎಡವಟ್ಟಾಗುತ್ತದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಸಿಟ್ರೇಟ್ ದ್ರವ ಇರುತ್ತದೆ. ಒಂದು ಪಾಲು ಅದಕ್ಕೆ ಒಂಬತ್ತು ಪಾಲು ರಕ್ತ ಬೇಕು. ಗೆರೆಯವರೆಗೆ ತುಂಬದ ಟ್ಯೂಬನ್ನು ನಾನು ವಾಪಸ್ ಕಳಿಸುತ್ತೇನೆ. ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಳ್ಳುವುದು ಕಷ್ಟವೇ, ಆದರೆ ತಪ್ಪು ರಿಪೋರ್ಟಿನ ಕಷ್ಟ ಇನ್ನೂ ದೊಡ್ಡದು ಅಲ್ವಾ? ಹೆಪ್ಪುಗಟ್ಟದಂತೆ ಕೊಡುವ ಔಷಧಿಗಳೂ ರಿಪೋರ್ಟನ್ನು ಬದಲಿಸುತ್ತವೆ: ವಾರ್ಫರಿನ್ ನಡೆಯುತ್ತಿದ್ದರೆ ಪ್ರೋಟೀನ್ ಸಿ ಮತ್ತು ಎಸ್, ಹೆಪಾರಿನ್ ಇದ್ದರೆ ಆಂಟಿಥ್ರಾಂಬಿನ್ ಕಡಿಮೆ ಬರುತ್ತವೆ. ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ಇನ್ನೊಂದು ದೋಷ ಫ್ಯಾಕ್ಟರ್ ಫೈವ್ ಲೈಡನ್; ಅದರ ಜೀನ್ ಪರೀಕ್ಷೆಗೆ ಔಷಧಿಗಳ ಈ ತೊಂದರೆ ಇಲ್ಲ.

ಪ್ರೋಟೀನ್ ಎಸ್ ಮತ್ತೆ ನೋಡಲು ಗರ್ಭನಿರೋಧಕ ಮಾತ್ರೆ ಬಿಟ್ಟು ಕನಿಷ್ಠ 4 ವಾರ ಕಾಯಬೇಕು. ನಾನು 8 ವಾರ ಕಾಯಿಸುತ್ತೇನೆ. ಆದರೆ ಪರೀಕ್ಷೆಗೋಸ್ಕರ ಅಂತ ನೀವಾಗಿಯೇ ನಿಲ್ಲಿಸಬೇಡಿ. ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಗರ್ಭ ನಿಲ್ಲದಂತೆ ಬೇರೆ ದಾರಿ ಮಾಡಿಕೊಳ್ಳಿ. ಯಾಕೆಂದರೆ ಬಸುರಿನಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಜಾಸ್ತಿ.

ಆ ಹುಡುಗಿ ಸ್ತ್ರೀರೋಗ ತಜ್ಞರನ್ನು ಕೇಳಿ ಮಾತ್ರೆ ನಿಲ್ಲಿಸಿದಳು. ಎರಡು ತಿಂಗಳಾದ ಮೇಲೆ ಮತ್ತೆ ನೋಡಿದೆವು: 74%, ಸಹಜ. ಅಮ್ಮ ಅಲ್ಲೇ ಕಣ್ಣೊರೆಸಿಕೊಂಡರು. ಆದರೂ ಚಿಕ್ಕಮ್ಮನ ವಿಷಯ ಹಾಗೆಯೇ ಉಳಿದಿತ್ತು. ಗೊತ್ತಿರುವ ಎಲ್ಲ ಪರೀಕ್ಷೆ ಸರಿ ಬಂದರೂ ಮನೆತನದ ಅಪಾಯ ಪೂರ್ತಿ ಹೋಗುವುದಿಲ್ಲ. ಅದನ್ನು ಬಿಡಿಸಿ ಹೇಳಿದೆ. ಪಿಸಿಓಡಿಗೆ ಈಸ್ಟ್ರೋಜನ್ ಇಲ್ಲದ ಚಿಕಿತ್ಸೆಯನ್ನೇ ಅವಳು ಆರಿಸಿಕೊಂಡಳು.