ಬೆಲ್ಲದ ಕಾಫಿಗೆ ಇಳಿಯದ ಅಮಲು

ಕೊಡಗಿನ ಮದುವೆಗಳಲ್ಲಿ ರಾತ್ರಿ ಹನ್ನೆರಡರ ಹೊತ್ತಿಗೆ ಈ ಮಾತು ಕೇಳಿಸುತ್ತದೆ. ಕಾರಿನ ಕೀ ಹುಡುಕುತ್ತಿರುವ ಹುಡುಗನಿಗೆ ಯಾರಾದರೂ ಹಿರಿಯರು, "ಸ್ಟ್ರಾಂಗಾಗಿ ಒಂದು ಬೆಲ್ಲದ ಕಾಫಿ ಕುಡಿದು ಹೊರಡು, ಎಲ್ಲ ಇಳಿಯುತ್ತೆ" ಅನ್ನುತ್ತಾರೆ. ಕಾಫಿ ಬೆಳೆಯುವ ನಾಡಲ್ವಾ, ನಂಬಿಕೆ ಸಹಜ. ಆದರೆ ಕಾಫಿಯಿಂದ ಅಮಲು ಇಳಿಯುವುದಿಲ್ಲ.

ಕುಡಿದ ಆಲ್ಕೋಹಾಲ್‌ನಲ್ಲಿ ಸ್ವಲ್ಪ ಜಠರದಿಂದ, ಹೆಚ್ಚಿನದು ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಪಂದಿಕರಿ, ಕಡುಂಬಟ್ಟು ಹೊಟ್ಟೆ ತುಂಬ ತಿಂದಿದ್ದರೆ ಸೇರುವುದು ನಿಧಾನವಾಗುತ್ತದೆ. ಒಮ್ಮೆ ಸೇರಿದ್ದನ್ನು ಕರಗಿಸುವ ಕೆಲಸ ಬಹುಪಾಲು ಲಿವರ್‌ನದ್ದು. ಕಾಫಿ ಹಣ್ಣು ಎಷ್ಟೇ ಸುರಿದರೂ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ತನ್ನ ವೇಗದಲ್ಲೇ ತಿರುಗುವ ಹಾಗೆ ಅದೂ ಅವಸರ ಮಾಡುವುದಿಲ್ಲ. ಗಂಟೆಗೆ 100 ಮಿ.ಲೀ. ರಕ್ತದಲ್ಲಿ ಸುಮಾರು 15 ಮಿ.ಗ್ರಾಂ ಇಳಿಯುತ್ತದೆ. ತಣ್ಣೀರು ಸ್ನಾನ, ನಿಂಬೆಹಣ್ಣು, ಕಾಫಿ, ಯಾವುದಕ್ಕೂ ಆ ವೇಗ ಹೆಚ್ಚುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 60 ಮಿ.ಲೀ. ವಿಸ್ಕಿ ಅಥವಾ ರಮ್‌ನ ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 70 ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಅದು 40 ಮಿ.ಗ್ರಾಂ ಆಸುಪಾಸಿಗೆ ಏರಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವ ಮಿತಿ 30. ಅಂದರೆ ಖಾಲಿ ಹೊಟ್ಟೆಗೆ ಒಂದೇ ಲಾರ್ಜ್ ಸಾಕು. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ಮಟ್ಟ ಇನ್ನೂ ಜಾಸ್ತಿ. ಈಗ ಆ ಹುಡುಗ ಒಂಬತ್ತಕ್ಕೆ ಶುರು ಮಾಡಿ ಹನ್ನೆರಡರೊಳಗೆ ನಾಲ್ಕು ಲಾರ್ಜ್ ಮುಗಿಸಿದ್ದಾನೆ ಅಂದುಕೊಳ್ಳಿ. ಆಗ ಮಟ್ಟ 125ರ ಹತ್ತಿರ ಇರುತ್ತದೆ. ಮಲಗಿ ಬೆಳಿಗ್ಗೆ ಆರಕ್ಕೆ ಎದ್ದರೂ 35! ರಾತ್ರಿ ಗಾಡಿ ಓಡಿಸಲಿಲ್ಲ ಅನ್ನುವ ಸಮಾಧಾನದಲ್ಲಿ ಹೊರಡುತ್ತಾನೆ. ಸಿದ್ದಾಪುರದ ಕಡೆ ಆನೆಗಳು ತೋಟದಿಂದ ಕಾಡಿಗೆ ವಾಪಸ್ ಹೋಗುವ ಹೊತ್ತೂ ಅದೇ.

ಎದ್ದವನಿಗೆ ತಾನು ಸರಿಯಾಗಿದ್ದೇನೆ ಅಂತಲೇ ಅನ್ನಿಸುತ್ತದೆ. ಇದರ ಹಿಂದೆ ಒಂದು ವಿಚಿತ್ರ ಇದೆ. 1919ರಲ್ಲಿ ಬ್ರಿಟನ್ನಿನ ವೈದ್ಯವಿಜ್ಞಾನಿ ಎಡ್ವರ್ಡ್ ಮೆಲನ್‌ಬಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಗಮನಿಸಿದ್ದು ಇದು: ರಕ್ತದಲ್ಲಿ ಆಲ್ಕೋಹಾಲ್ ಏರುತ್ತಿರುವಾಗ ಕಾಣುವ ತೂರಾಟ, ಇಳಿಯುತ್ತಿರುವಾಗ ಅದೇ ಮಟ್ಟದಲ್ಲಿ ಅಷ್ಟು ಕಾಣುವುದಿಲ್ಲ. ಮನುಷ್ಯರಲ್ಲಿ ನೋಡಿದಾಗ ಇನ್ನೊಂದು ಗೊತ್ತಾಯಿತು. ಅಮಲು ಇಳಿಯುವ ಹೊತ್ತಿನಲ್ಲಿ "ನಾನು ಸರಿಯಾದೆ" ಅನ್ನುವ ಭಾವನೆ ಮೊದಲು ಬರುತ್ತದೆ. ಕೈತಪ್ಪು, ಅವಸರ ಆಮೇಲೂ ಉಳಿದಿರುತ್ತವೆ.

ಕಾಫಿ ಕೆಡುಕು ಮಾಡುವುದು ಇಲ್ಲೇ. ನಿದ್ದೆ ಬರಿಸುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೆ ಕೆಫೀನ್ ಮೆದುಳಿನಲ್ಲಿ ಅಡ್ಡ ನಿಲ್ಲುತ್ತದೆ. ಕಣ್ಣು ತೆರೆಯುತ್ತದೆ, ಆದರೆ ಮೈಯ ಸಮತೋಲ ಕಾಯುವ ಕಿರುಮೆದುಳು, ದುಡುಕನ್ನು ತಡೆಯುವ ಮುಂಭಾಗ ಎರಡೂ ಮಂಕಾಗಿಯೇ ಇರುತ್ತವೆ. ಕಾಫಿ ಸಿಗದಿದ್ದರೆ ಅಲ್ಲೇ ಚಾಪೆ ಮೇಲೆ ಉರುಳುತ್ತಿದ್ದವನು ಈಗ ಜೀಪ್ ಹತ್ತುತ್ತಾನೆ.

ಸಂಪಾಜೆ ಘಾಟಿಯಲ್ಲಿ ಗಂಟೆಗೆ 40 ಕಿ.ಮೀ. ಏನು ಮಹಾ ವೇಗ ಅಲ್ಲ. ಆದರೂ ಸೆಕೆಂಡಿಗೆ 11 ಮೀಟರ್ ಸಾಗುತ್ತೀರಿ. ಬ್ರೇಕ್ ತುಳಿಯುವುದು ಅರ್ಧ ಸೆಕೆಂಡ್ ತಡವಾದರೆ ಐದೂವರೆ ಮೀಟರ್, ಒಂದು ಜೀಪಿಗಿಂತ ಉದ್ದ. ಎದುರು ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆದ ಮೇಲೆ ದೃಷ್ಟಿ ಸರಿಯಾಗಲು ಕುಡಿದವರಿಗೆ ಹೆಚ್ಚು ಹೊತ್ತು ಬೇಕು. ಗಮನವೂ ರಸ್ತೆಯ ನಡುವಿಗೆ ಅಂಟಿಕೊಂಡು ಅಂಚಿನಲ್ಲಿ ನಡೆಯುವವರು ತಪ್ಪಿಹೋಗುತ್ತಾರೆ. ಮಳೆ, ಮಂಜು ಸೇರಿದರೆ ಕೇಳುವುದೇ ಬೇಡ.

ಪೊಲೀಸರ ಊದುವ ಯಂತ್ರದ ಮುಂದೆ ಏಲಕ್ಕಿ ಜಗಿದರೂ ಸುಮ್ನೆ. ಅದು ವಾಸನೆ ನೋಡುವುದಿಲ್ಲ. ಶ್ವಾಸಕೋಶದ ಆಳದಿಂದ ಬಂದ ಉಸಿರಿನಲ್ಲಿರುವ ಆಲ್ಕೋಹಾಲ್, ಒಳಗಿನ ಫ್ಯೂಯಲ್ ಸೆಲ್‌ನಲ್ಲಿ ಉಂಟುಮಾಡುವ ಕರೆಂಟನ್ನು ಅಳೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡದ ಮಾತು ಎಲ್ಲರಿಗೂ ಗೊತ್ತು. ಕುಡಿದು ಓಡಿಸಿ ಗುದ್ದಿದರೆ ಸ್ವಂತ ಗಾಡಿಯ ರಿಪೇರಿಗೆ ವಿಮೆ ಸಿಗುವುದಿಲ್ಲ ಎಂಬ ಸಾಲು ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನು ಮಾತ್ರ ಹೆಚ್ಚಿನವರು ಓದುವುದು ಗಾಡಿ ಗ್ಯಾರೇಜಿಗೆ ಹೋದ ಮೇಲೆ.